ಯಾವ ಊರು?

ಅಮೆರಿಕ ಸಂಯುಕ್ತ ಸಂಸ್ಥಾನದ ಪಶ್ಚಿಮ ಭಾಗದಲ್ಲಿ, ಬೆಟ್ಟಗಳ ಸಾಲುಗಳ ನಡುವೆ, ಯೂಟಾ ಎಂಬ ರಾಜ್ಯವಿದೆ. ಅದರ ರಾಜಧಾನಿ ಸಾಲ್ಟ್ ಲೇಕ್ ಸಿಟಿ. ಉಪ್ಪುನೀರಿನ ಒಂದು ಮಹಾ ಸರೋವರ ಸಮೀಪದಲ್ಲಿರುವುದರಿಂದ ನಗರಕ್ಕೆ ಆ ಹೆಸರು ಬಂದಿದೆ. ಅಲ್ಲಿಗೆ ಬರುವ ಪ್ರವಾಸಿಗರಲ್ಲಿ ಹಲವರು ಬೆಟ್ಟಗಳ ಸೊಬಗನ್ನು ಸವಿಯಲು ಬರುತ್ತಾರೆ; ಚಳಿಗಾಲದಲ್ಲಿ ಹಿಮದ ಮೇಲೆ ಜಾರುವ ಆಟಕ್ಕಾಗಿ ಬರುವವರೂ ಉಂಟು. ಈ ಎರಡು ಗುಂಪಿಗೂ ಸೇರದ ಇನ್ನೊಂದು ವರ್ಗದ ಜನರು ವರ್ಷವಿಡೀ ಬರುತ್ತಿರುತ್ತಾರೆ. ಅವರ ಕಂಕುಳಲ್ಲಿ ಕಾಗದದ ಕಟ್ಟು. ಚೀಲದಲ್ಲಿ ಹಳದಿಗಟ್ಟಿದ ಒಂದೆರಡು ಛಾಯಾಚಿತ್ರಗಳು. ಬೆಟ್ಟದ ಕಡೆಗೆ ಕಣ್ಣೆತ್ತಿಯೂ ನೋಡದೆ ಅವರು ನೇರವಾಗಿ ಒಂದು ಗ್ರಂಥಾಲಯವನ್ನು ಹೊಗುತ್ತಾರೆ. ಅವರು ಹುಡುಕಿಕೊಂಡು ಬಂದಿರುವುದು ಸತ್ತುಹೋದವರನ್ನು.

ಫ್ಯಾಮಿಲಿಸರ್ಚ್ ಗ್ರಂಥಾಲಯವೆಂದು ಅದರ ಹೆಸರು. ವಂಶಾವಳಿಯ ಅಭ್ಯಾಸಕ್ಕೆಂದೇ ಮೀಸಲಾದ ಗ್ರಂಥಾಲಯಗಳಲ್ಲಿ ಜಗತ್ತಿನಲ್ಲೇ ದೊಡ್ಡದು ಅದು. ಮಾರ್ಮನರೆಂದು ವಾಡಿಕೆಯಲ್ಲಿ ಕರೆಯಲ್ಪಡುವ ಕ್ರೈಸ್ತ ಪಂಥದವರು ಅದನ್ನು ನಡೆಸುತ್ತಿದ್ದಾರೆ. ಕುಟುಂಬದ ಬಂಧವು ಮರಣದೊಡನೆ ಕಡಿದುಹೋಗುವುದಿಲ್ಲವೆಂದು ಅವರ ನಂಬಿಕೆ. ಆದ್ದರಿಂದ ಪೂರ್ವಜರ ಹೆಸರುಗಳನ್ನು ಕಲೆಹಾಕುವುದು ಅವರಿಗೆ ಧರ್ಮಕಾರ್ಯವಾಗಿದೆ. ಆದರೆ ಗ್ರಂಥಾಲಯದ ಬಾಗಿಲು ಎಲ್ಲ ಮತದವರಿಗೂ ತೆರೆದಿದೆ, ಶುಲ್ಕವೆಂಬುದಿಲ್ಲ. 1894 ರಲ್ಲಿ ಸಣ್ಣದೊಂದು ಸಂಘವಾಗಿ ಆರಂಭವಾದ ಈ ಕೆಲಸ, 1938 ರಲ್ಲಿ ಹಳೆಯ ದಾಖಲೆಗಳನ್ನು ಮೈಕ್ರೋಫಿಲ್ಮಿನ ಮೇಲೆ ಸೆರೆಹಿಡಿಯುವ ಉದ್ಯಮವಾಗಿ ಬೆಳೆಯಿತು. ದೇಶದೇಶಗಳ ಚರ್ಚುಗಳಿಗೂ ಕಚೇರಿಗಳಿಗೂ ಕ್ಯಾಮೆರಾಗಳು ಹೋದವು. ಹೀಗೆ ಸಂಗ್ರಹವಾದ ಸುರುಳಿಗಳು 24 ಲಕ್ಷ. ಅವುಗಳ ಮೂಲಪ್ರತಿಗಳನ್ನು ಕಾಪಾಡಲು ನಗರದ ಹೊರಗಿನ ಒಂದು ಬೆಟ್ಟದ ಬಂಡೆಯನ್ನೇ ಕೊರೆದು, 1960 ರ ದಶಕದಲ್ಲಿ ಉಗ್ರಾಣವನ್ನು ನಿರ್ಮಿಸಿದರು. 2021 ರ ವೇಳೆಗೆ ಆ ಸುರುಳಿಗಳೆಲ್ಲವೂ ಕಂಪ್ಯೂಟರಿಗೆ ಇಳಿದಿದ್ದವು.

ದಾಖಲೆ ಎಷ್ಟಿದ್ದರೇನು? ಓದಿ ಹೇಳುವವರು ಬೇಕಷ್ಟೆ. ಅಲ್ಲಿ ಸಂಬಳ ಪಡೆಯುವ ತಜ್ಞರಿದ್ದಾರೆ. ಅವರ ಜೊತೆಗೆ ಬಿಡಿಗಾಸನ್ನೂ ಅಪೇಕ್ಷಿಸದೆ ದುಡಿಯುವ ಸ್ವಯಂಸೇವಕರ ದೊಡ್ಡ ಪಡೆಯೇ ಇದೆ. ಅವರಲ್ಲಿ ಹೆಚ್ಚಿನವರು ವಯಸ್ಸಾದವರು, ಉದ್ಯೋಗದಿಂದ ನಿವೃತ್ತರಾದವರು. ಜರ್ಮನ್ ಮೂಲದವರಿಗೆ ನೆರವಾಗುವ ಮೇಜಿನಲ್ಲಿ ವಾರಕ್ಕೆರಡು ದಿನ ಕುಳಿತುಕೊಳ್ಳುವ ಒಬ್ಬ ನಿವೃತ್ತ ಉಪಾಧ್ಯಾಯಿನಿಯೂ ಅಂಥವರಲ್ಲೊಬ್ಬರು. ಅವರ ಕೈಯಲ್ಲಿ ಸದಾ ಒಂದು ಭೂತಗನ್ನಡಿ ಇರುತ್ತದೆ. ಕಂಪ್ಯೂಟರಿನ ಪರದೆಯ ಮೇಲೆ ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಬಹುದಾದರೂ ಅವರು ಭೂತಗನ್ನಡಿಯನ್ನು ಬಿಟ್ಟಿಲ್ಲ. ಅಭ್ಯಾಸಬಲವೆಂದರೆ ಅದೇ ಇರಬೇಕು.

ಎದುರಿಗೆ ಯಾರು ಬಂದು ಕುಳಿತರೂ ಅವರು ಕೇಳುವ ಮೊದಲ ಪ್ರಶ್ನೆ ಒಂದೇ: "ಯಾವ ಊರು?"

ಬಂದವರು "ಜರ್ಮನಿ" ಎನ್ನುತ್ತಾರೆ. ಇದು ಉತ್ತರವೇ ಅಲ್ಲವೆಂದು ಅವರಿಗೆ ತಿಳಿಯದು. ಏಕೆಂದರೆ, ಅವರ ಮುತ್ತಜ್ಜ ಹಡಗು ಹತ್ತಿದ ಕಾಲದಲ್ಲಿ ಜರ್ಮನಿಯೆಂಬ ಒಂದು ರಾಷ್ಟ್ರವೇ ಇರಲಿಲ್ಲವೆಂದರೂ ಸಲ್ಲುವುದು. ಪ್ರಶಿಯ, ಬವೇರಿಯ, ವುರ್ಟೆಂಬರ್ಗ್, ಹೆಸ್ಸೆ ಮೊದಲಾದ ಬೇರೆ ಬೇರೆ ರಾಜ್ಯಗಳಿದ್ದವು; ಒಂದೊಂದಕ್ಕೂ ತನ್ನದೇ ಆದ ಅರಸು, ತನ್ನದೇ ಆದ ಕಾನೂನು. 25 ರಾಜ್ಯಗಳು ಒಂದು ಸಾಮ್ರಾಜ್ಯವಾಗಿ ಕೂಡಿದುದು 1871 ರಲ್ಲಿ. ಜನನ, ಮರಣ, ವಿವಾಹಗಳನ್ನು ಸರ್ಕಾರವೇ ಬರೆದಿಡುವ ಪದ್ಧತಿ ಆ ಸಾಮ್ರಾಜ್ಯದಾದ್ಯಂತ ಜಾರಿಗೆ ಬಂದುದು 1876 ರ ಜನವರಿ 1 ರಂದು. ಅದಕ್ಕೂ ಹಿಂದಿನ ಕಾಲದ ಸಾಮಾನ್ಯ ಮನುಷ್ಯನೊಬ್ಬನ ಹೆಸರು ಹೆಚ್ಚಿನ ಕಡೆ ಒಂದೇ ಜಾಗದಲ್ಲಿ ಸಿಕ್ಕೀತು. ಅವನ ಹಳ್ಳಿಯ ಚರ್ಚಿನ ಪುಸ್ತಕದಲ್ಲಿ. ಹುಟ್ಟಿದ ಕೂಸಿಗೆ ದೀಕ್ಷಾಸ್ನಾನ ಮಾಡಿಸಿದ ದಿನ, ಮದುವೆಯಾದ ದಿನ, ಮಣ್ಣು ಮಾಡಿದ ದಿನ, ಇಷ್ಟನ್ನೇ ಪಾದ್ರಿ ತನ್ನ ಕೈಯಿಂದ ಬರೆದಿಡುತ್ತಿದ್ದ. ಕೆಲವೆಡೆ ಈ ಪುಸ್ತಕಗಳು 16 ನೆಯ ಶತಮಾನದಿಂದ ಉಳಿದಿವೆ. 1618 ರಿಂದ 1648 ರವರೆಗೆ ನಡೆದ ಮೂವತ್ತು ವರ್ಷಗಳ ಯುದ್ಧದಲ್ಲಿ ಎಷ್ಟೋ ಊರುಗಳ ಪುಸ್ತಕಗಳು ಊರಿನೊಡನೆಯೇ ಸುಟ್ಟುಹೋದವು. ಆದ್ದರಿಂದ ಊರು ಗೊತ್ತಿಲ್ಲದವನಿಗೆ 24 ಲಕ್ಷ ಸುರುಳಿಗಳಿದ್ದೂ ಒಂದೇ. ಸಮುದ್ರದ ನಡುವೆ ನಿಂತು ಬೊಗಸೆ ನೀರಿಗೆ ಬಾಯಾರಿದವನ ಸ್ಥಿತಿ ಅವನದು.

ವಿಚಿತ್ರವೆಂದರೆ, ಜರ್ಮನಿಯ ಊರಿನ ಹೆಸರನ್ನು ಹುಡುಕಬೇಕಾದುದು ಜರ್ಮನಿಯಲ್ಲಲ್ಲ, ಅಮೆರಿಕದಲ್ಲಿ. ಬಂದವರಿಗೆ ಇದನ್ನು ಒಪ್ಪಿಸುವುದೇ ಸ್ವಯಂಸೇವಕರಿಗೆ ಮೊದಲ ಸಾಹಸ. ಅವರೆಲ್ಲ ತಕ್ಷಣ ಸಮುದ್ರವನ್ನು ದಾಟಿಬಿಡಲು ಆತುರಪಡುತ್ತಾರೆ. ಉಪಾಧ್ಯಾಯಿನಿ ಅವರನ್ನು ತಡೆದು ಕೂರಿಸುತ್ತಾರೆ. ಅಮೆರಿಕದ ಜನಗಣತಿಯಲ್ಲಿ ಹುಟ್ಟಿದ ಸ್ಥಳವೆಂದು "ಜರ್ಮನಿ" ಅಥವಾ "ಪ್ರಶಿಯ" ಎಂದಷ್ಟೇ ಇರುತ್ತದೆ. ಪೌರತ್ವದ ಹಳೆಯ ಪತ್ರಗಳಲ್ಲಿಯೂ ಹೆಚ್ಚೇನೂ ಇರದು. ಹುಟ್ಟೂರನ್ನು ಕಡ್ಡಾಯವಾಗಿ ನಮೂದಿಸುವ ಪದ್ಧತಿ ಬಂದುದು 1906 ರ ನಂತರ. ಆದರೆ ವಲಸೆ ಬಂದವರು ತಮ್ಮವರೊಡನೆ ಸೇರಿ ಕಟ್ಟಿಕೊಂಡ ಚರ್ಚುಗಳಿದ್ದವು. ಅಲ್ಲಿನ ಪಾದ್ರಿಯೂ ಜರ್ಮನ್ನನೇ. ಸತ್ತವನನ್ನು ಮಣ್ಣು ಮಾಡುವಾಗ ಅವನು ಇಂಥ ಊರಿನಲ್ಲಿ ಹುಟ್ಟಿದವನೆಂದು ಪಾದ್ರಿ ಬರೆದಿಟ್ಟಿರುವುದುಂಟು. ಗೋರಿಯ ಕಲ್ಲಿನ ಮೇಲೆ, ಜರ್ಮನ್ ಭಾಷೆಯ ಪತ್ರಿಕೆಯಲ್ಲಿ ಬಂದ ಮರಣವಾರ್ತೆಯಲ್ಲಿ ಊರಿನ ಹೆಸರು ಸಿಕ್ಕುವುದುಂಟು. ಹಡಗಿನ ಪಟ್ಟಿಗಳಲ್ಲಿಯೂ ಅದೃಷ್ಟವನ್ನು ಪರೀಕ್ಷಿಸಬಹುದು. ಹ್ಯಾಂಬರ್ಗ್ ಬಂದರಿನಿಂದ ಹೊರಟವರ ಪಟ್ಟಿಗಳು 1850 ರಿಂದ 1934 ರವರೆಗೆ ಬಹುಮಟ್ಟಿಗೆ ಉಳಿದಿವೆ. ಅವುಗಳಲ್ಲಿ ಪ್ರಯಾಣಿಕನು ಎಲ್ಲಿಂದ ಬಂದನೆಂಬುದನ್ನು ಬರೆದಿದ್ದಾರೆ. ಬ್ರೆಮೆನ್ ಬಂದರಿನ ಪಟ್ಟಿಗಳ ಗತಿಯೇ ಬೇರೆ. ಇಡಲು ಸ್ಥಳವಿಲ್ಲವೆಂದು ಹಳೆಯ ಪಟ್ಟಿಗಳನ್ನು ಅಧಿಕಾರಿಗಳೇ ನಾಶಮಾಡಿದರು. ಮಿಕ್ಕವುಗಳಲ್ಲಿ ಬಹುಪಾಲು ಎರಡನೆಯ ಮಹಾಯುದ್ಧದಲ್ಲಿ ಹಾಳಾದವು. ಲಕ್ಷಾಂತರ ಜನರ ಊರಿನ ಹೆಸರನ್ನು ಹೀಗೆ ಕಸವೆಂದು ತಿಳಿದು ಎಸೆದ ಆ ಗುಮಾಸ್ತರಿಗೆ, ಮುಂದೊಂದು ದಿನ ಮೊಮ್ಮಕ್ಕಳ ಮೊಮ್ಮಕ್ಕಳು ಆ ಹಾಳೆಗಾಗಿ ಸಾವಿರಾರು ಮೈಲಿ ಬರುವರೆಂದು ಹೇಗೆ ಹೊಳೆಯಬೇಕು?

ಊರಿನ ಹೆಸರು ಸಿಕ್ಕಿತೆಂದರೆ ಮುಗಿಯಿತೇ? ಅದೂ ಇಲ್ಲ. ನಮ್ಮ ನಾಡಿನಲ್ಲಿ ಹೊಸಹಳ್ಳಿಗಳೆಷ್ಟು, ಹೊಸೂರುಗಳೆಷ್ಟು! ತಾಲ್ಲೂಕಿನ ಹೆಸರನ್ನು ಹೇಳದೆ ಹೊಸಹಳ್ಳಿಗೆ ಬರೆದ ಕಾಗದ ಯಾರನ್ನು ತಲುಪೀತು? ಜರ್ಮನಿಯಲ್ಲಿಯೂ ಹಾಗೆಯೇ. ಹೊಸ ಹಳ್ಳಿ, ಹೊಸ ಪಟ್ಟಣ, ಹೊಸ ಚರ್ಚು ಎಂಬ ಅರ್ಥದ ನಾಯ್‌ಡಾರ್ಫ್, ನಾಯ್‌ಸ್ಟಾಟ್, ನಾಯ್‌ಕಿರ್ಖೆನ್ ಎಂಬ ಹೆಸರುಗಳು ಹತ್ತಾರು ಕಡೆ ಇವೆ. ಈ ಗೊಂದಲವನ್ನು ಬಿಡಿಸಲು ಮೇಯರ್ ಕೋಶವೆಂದು ಪ್ರಸಿದ್ಧವಾದ ಒಂದು ಸ್ಥಳನಾಮಕೋಶವಿದೆ. 1912-13 ರಲ್ಲಿ ಅದರ ಈ ಆವೃತ್ತಿ ಅಚ್ಚಾಯಿತು. ಸಾಮ್ರಾಜ್ಯದ ಪುಟ್ಟ ಪುಟ್ಟ ಗುಡಿಸಲು ಗುಂಪುಗಳನ್ನೂ ಬಿಡದೆ, ಅದು ಯಾವ ಜಿಲ್ಲೆಗೆ ಸೇರಿದ್ದು, ಜನಸಂಖ್ಯೆಯೆಷ್ಟು, ಅಲ್ಲಿ ಚರ್ಚು ಇದೆಯೇ ಎಂಬುದನ್ನು ಆ ಕೋಶ ಹೇಳುತ್ತದೆ. ಒಮ್ಮೊಮ್ಮೆ ಕೋಶದಲ್ಲಿರುವ ಊರು ಇಂದಿನ ನಕ್ಷೆಯಲ್ಲಿ ಇರುವುದಿಲ್ಲ. 1945 ರ ನಂತರ ಜರ್ಮನಿಯ ಪೂರ್ವ ಪ್ರಾಂತಗಳು ಪೋಲೆಂಡಿಗೂ ರಷ್ಯಕ್ಕೂ ಸೇರಿದವು. ಅಲ್ಲಿದ್ದ ಜರ್ಮನರನ್ನು ಹೊರಡಿಸಲಾಯಿತು; ಊರುಗಳಿಗೆ ಹೊಸ ಹೆಸರುಗಳು ಬಂದವು. ಬ್ರೆಸ್ಲಾವ್ ಎಂಬ ಮಹಾನಗರವೇ ವ್ರೊತ್ಸ್ವಾಫ್ ಆಯಿತೆಂದ ಮೇಲೆ ಹಳ್ಳಿಗಳ ಪಾಡೇನು!

ಇನ್ನು ಲಿಪಿಯ ಮಾತು. ಅಮೆರಿಕದಲ್ಲಿ ಹುಟ್ಟಿ ಬೆಳೆದವರು ಜರ್ಮನ್ ಭಾಷೆಯನ್ನು ಕಲಿತಿದ್ದರೂ ಹಳೆಯ ಚರ್ಚಿನ ಪುಸ್ತಕವನ್ನು ಕಂಡು ಬೆಚ್ಚಿಬೀಳುತ್ತಾರೆ. ಅದು ಕುರೆಂಟ್ ಎಂಬ ಕೈಬರಹ. ಚೂಪಾದ ಗೆರೆಗಳು ಒಂದರ ಪಕ್ಕದಲ್ಲೊಂದು ಬಾಗಿ ನಿಂತು, ಬೇಲಿಯ ಗೂಟಗಳಂತೆ ಕಾಣುತ್ತವೆ. ಅದರ "ಇ" ಅಕ್ಷರ ಹೆಚ್ಚುಕಡಿಮೆ "ಎನ್" ನಂತೆಯೇ ಇದೆ. "ಯು" ಅಕ್ಷರವೂ ಇವುಗಳ ಒಡಹುಟ್ಟಿನಂತಿರುವುದರಿಂದ, ಗುರುತಿಗಾಗಿ ಅದರ ನೆತ್ತಿಯ ಮೇಲೆ ಒಂದು ಕೊಂಕನ್ನು ಹಾಕುತ್ತಿದ್ದರು. ಅವಸರದಲ್ಲಿದ್ದ ಪಾದ್ರಿ ಅದನ್ನೂ ಮರೆಯುತ್ತಿದ್ದ. ಕ್ಯಾಥೊಲಿಕ್ ಊರುಗಳಾದರೆ ಬರಹ ಬಹುಮಟ್ಟಿಗೆ ಲ್ಯಾಟಿನ್ ಭಾಷೆಯಲ್ಲಿ. 1915 ರಿಂದ ಶಾಲೆಗಳಲ್ಲಿ ಸ್ಯೂಟರ್ಲಿನ್ ಎಂಬ ಸರಳರೂಪ ರೂಢಿಗೆ ಬಂದಿತು. 1941 ರಲ್ಲಿ ಸರ್ಕಾರದ ಆಜ್ಞೆಯಿಂದ ಈ ಜಾತಿಯ ಅಕ್ಷರಗಳೆಲ್ಲವೂ ಶಾಲೆಗಳಿಂದ ಮರೆಯಾದವು. ಇಂದು ಜರ್ಮನಿಯಲ್ಲಿಯೇ ಒಬ್ಬ ವಿದ್ಯಾವಂತ ತರುಣನು ತನ್ನ ಮುತ್ತಜ್ಜಿಯ ಕಾಗದವನ್ನು ಓದಲಾರ. ಮೋಡಿ ಲಿಪಿಯ ಹಳೆಯ ಕಾಗದಗಳನ್ನು ಮನೆಯಲ್ಲಿಟ್ಟುಕೊಂಡು ಓದುವವರಿಲ್ಲದೆ ಪೇಚಾಡುವ ನಮ್ಮವರಿಗೆ ಈ ಸಂಕಟ ಹೊಸದಲ್ಲ.

ಉಪಾಧ್ಯಾಯಿನಿ ಈ ಲಿಪಿಯನ್ನು ಕಲಿತದ್ದು ಅರವತ್ತು ದಾಟಿದ ಮೇಲೆ. ಒಂದನೆಯ ತರಗತಿಯ ಮಗುವಿನಂತೆ, ಗೆರೆ ಹಾಕಿದ ಹಾಳೆಯ ಮೇಲೆ ದಿನಕ್ಕೊಂದು ಅಕ್ಷರವನ್ನು ತಿದ್ದಿದರು. ಓದಲು ಕಲಿಯಬೇಕಾದರೆ ಮೊದಲು ಬರೆಯಲು ಕಲಿಯಬೇಕೆಂಬುದು ಅವರ ಮತ. ಕೈಗೆ ಬಂದ ಅಕ್ಷರವು ಕಣ್ಣಿಗೆ ತಾನಾಗಿ ಬರುತ್ತದೆಯಂತೆ. ಇತ್ತೀಚಿನ ವರ್ಷಗಳಲ್ಲಿ ಕಂಪ್ಯೂಟರುಗಳು ಹಳೆಯ ಕೈಬರಹವನ್ನು ಓದತೊಡಗಿವೆ. ಕೆಲವು ಬಾರಿ ಆಶ್ಚರ್ಯವಾಗುವಷ್ಟು ಚೆನ್ನಾಗಿಯೇ ಓದುತ್ತವೆ. ಅವರಿಗೆ ಅದರ ಮೇಲೆ ಹಗೆಯಿಲ್ಲ. ಆದರೆ ಯಂತ್ರ ಓದಿದ್ದನ್ನು ಮೂಲದೊಡನೆ ಒಮ್ಮೆ ಹೋಲಿಸಿ ನೋಡದೆ ಬಿಡುವುದಿಲ್ಲ.

ಹೆಸರುಗಳ ವಿಷಯವನ್ನು ಹೇಳಹೊರಟರೆ ಒಂದು ಗ್ರಂಥವೇ ಆದೀತು. ಒಂದೇ ಮನೆಯ ಗಂಡುಮಕ್ಕಳೆಲ್ಲರಿಗೂ ಯೋಹಾನ್ ಎಂಬ ಮೊದಲ ಹೆಸರಿಡುವುದು ಅಲ್ಲಿ ಸಾಮಾನ್ಯವಾಗಿತ್ತು. ಕರೆಯುತ್ತಿದ್ದುದು ಎರಡನೆಯ ಹೆಸರಿನಿಂದ. ಸಂಗೀತದ ಮಹಾಪುರುಷನಾದ ಯೋಹಾನ್ ಸೆಬಾಸ್ಟಿಯನ್ ಬಾಖ್‌ನ ಅಣ್ಣಂದಿರೂ ಯೋಹಾನರೇ. ಇದನ್ನು ತಿಳಿಯದವರು ಅಣ್ಣನನ್ನು ತಮ್ಮನೆಂದೆಣಿಸಿ ಬೇರೊಂದು ಕೊಂಬೆಗೆ ಹತ್ತಿಬಿಡುತ್ತಾರೆ. ವೆಸ್ಟ್‌ಫೇಲಿಯ ಪ್ರಾಂತದಲ್ಲಿ ಹೆಸರು ಮನುಷ್ಯನಿಗಿಂತ ಹೆಚ್ಚಾಗಿ ಜಮೀನಿಗೆ ಅಂಟಿಕೊಂಡಿತ್ತು. ಒಬ್ಬಳೇ ಮಗಳಿದ್ದ ಒಕ್ಕಲುಮನೆಗೆ ಮನೆಯಳಿಯನಾಗಿ ಹೋದವನು ತನ್ನ ಹೆಸರನ್ನು ಹೊಸ್ತಿಲ ಹೊರಗೆ ಬಿಟ್ಟು, ಆ ಮನೆಯ ಹೆಸರನ್ನು ಹೊರಬೇಕಾಗುತ್ತಿತ್ತು. ಇನ್ನು ಉತ್ತರದ ಕರಾವಳಿಯ ಈಸ್ಟ್ ಫ್ರೀಸಿಯದಲ್ಲಿ ಮನೆತನದ ಹೆಸರೆಂಬುದೇ ಬಹುಜನರಿಗೆ ಇರಲಿಲ್ಲ. ಯಾನ್ ಎಂಬವನ ಮಗ ಯಾನ್ಸೆನ್ ಆಗುತ್ತಿದ್ದ, ಅವನ ಮಗ ಮತ್ತೊಂದಾಗುತ್ತಿದ್ದ. ಸ್ಥಿರವಾದ ಮನೆತನದ ಹೆಸರನ್ನು ಇಟ್ಟುಕೊಳ್ಳಬೇಕೆಂದು 1811 ರಲ್ಲಿ ನೆಪೋಲಿಯನ್ನನ ಆಡಳಿತ ಆಜ್ಞೆ ಮಾಡಿದರೂ ಹಳೆಯ ರೂಢಿ ಅಳಿಯಲು ಬಹಳ ಕಾಲ ಹಿಡಿಯಿತು. ಕನ್ನಡಕ್ಕೆ ಮಹಾನಿಘಂಟನ್ನು ಕೊಟ್ಟ ಫರ್ಡಿನೆಂಡ್ ಕಿಟ್ಟೆಲ್ ಅವರು 1832 ರಲ್ಲಿ ಜನಿಸಿದುದು ಈ ಪ್ರಾಂತದಲ್ಲಿಯೇ. ಅವರ ನಿಘಂಟು ಪ್ರಕಟವಾದ 1894 ನೆಯ ವರ್ಷವೇ ಸಾಲ್ಟ್ ಲೇಕ್ ನಗರದ ಸಂಘವೂ ಹುಟ್ಟಿದುದು ಕೇವಲ ಕಾಕತಾಳೀಯ. ಆದರೂ ಕನ್ನಡಿಗರಿಗೆ ನೆನಪಿಟ್ಟುಕೊಳ್ಳಲು ಸುಲಭ.

ನ್ಯೂಯಾರ್ಕ್ ಬಂದರಿನ ಎಲ್ಲಿಸ್ ದ್ವೀಪದಲ್ಲಿದ್ದ ಅಧಿಕಾರಿಗಳು ತಮ್ಮ ಮನೆತನದ ಹೆಸರನ್ನು ಕೆಡಿಸಿದರೆಂದು ಹಲವರು ದೂರುತ್ತಾರೆ. ಅದು ಬರಿಯ ಕಟ್ಟುಕತೆ. ಅಲ್ಲಿನವರು ಹಡಗಿನಿಂದ ಬಂದ ಪಟ್ಟಿಯನ್ನು ನೋಡಿ ಗುರುತು ಹಾಕುತ್ತಿದ್ದರೇ ಹೊರತು ಹೊಸ ಹೆಸರನ್ನು ಇಡುತ್ತಿರಲಿಲ್ಲ. ಶ್ಮಿಟ್ ಎಂಬವನು ಸ್ಮಿತ್ ಆದುದು, ಮ್ಯುಲರ್ ಎಂಬವನು ಮಿಲ್ಲರ್ ಆದುದು ಬಹುಮಟ್ಟಿಗೆ ತಮ್ಮ ಇಷ್ಟದಿಂದಲೇ, ನೆರೆಹೊರೆಯವರ ನಾಲಗೆಗೆ ಸುಲಭವಾಗಲೆಂದು. ಕೆಲವರದು ಇಷ್ಟದ ಮಾತಲ್ಲ, ಭಯದ ಮಾತು. 1917 ರಲ್ಲಿ ಅಮೆರಿಕವು ಜರ್ಮನಿಯ ಮೇಲೆ ಯುದ್ಧ ಸಾರಿದಾಗ, ಜರ್ಮನ್ ಹೆಸರುಳ್ಳ ಬೀದಿಗಳಿಗೆ ಬೇರೆ ಹೆಸರಿಟ್ಟರು. ಶಾಲೆಗಳಲ್ಲಿ ಆ ಭಾಷೆಯ ಪಾಠ ನಿಂತಿತು. ಐಯೊವ ರಾಜ್ಯದ ಗವರ್ನರ್ ವಿಲಿಯಂ ಹಾರ್ಡಿಂಗ್ 1918 ರಲ್ಲಿ ಹೊರಡಿಸಿದ ಘೋಷಣೆಯಂತೂ ಎಲ್ಲವನ್ನೂ ಮೀರಿಸಿತು. ಸಾರ್ವಜನಿಕ ಸ್ಥಳಗಳಲ್ಲಿ, ರೈಲುಗಳಲ್ಲಿ, ಟೆಲಿಫೋನಿನಲ್ಲಿ, ಕಡೆಗೆ ಚರ್ಚಿನ ಉಪದೇಶದಲ್ಲಿಯೂ ಇಂಗ್ಲಿಷಲ್ಲದೆ ಬೇರಾವ ಭಾಷೆಯನ್ನೂ ಆಡಬಾರದೆಂದು ಅದು ವಿಧಿಸಿತು. ಇಂಗ್ಲಿಷ್ ಬಾರದ ಮುದುಕಿಯರು ಚರ್ಚಿಗೆ ಹೋಗಿ ಅರ್ಥವಾಗದ ಉಪದೇಶವನ್ನು ಕೇಳಿ ಮರಳಬೇಕಾಯಿತು. ಮನೆಯಲ್ಲಿ ಮಕ್ಕಳೆದುರಿಗೆ ಹಳೆಯ ಊರಿನ ಮಾತನ್ನು ತೆಗೆಯದಿರುವುದೇ ಕ್ಷೇಮವೆಂದು ತಂದೆತಾಯಿಗಳು ತೀರ್ಮಾನಿಸಿದರೆ ಅವರನ್ನು ದೂಷಿಸುವುದೆಂತು? "ಯಾವ ಊರು?" ಎಂಬ ಪ್ರಶ್ನೆಗೆ ಇಂದಿನವರಿಗೆ ಉತ್ತರ ತಿಳಿಯದಿರುವುದಕ್ಕೆ ಈ ಮೌನವೂ ಒಂದು ಕಾರಣ.

ಈ ಪ್ರಶ್ನೆಯನ್ನು ಕೇಳುವ ಅಗತ್ಯವೇ ಬೀಳದವರೂ ಆ ಮೇಜಿಗೆ ಬರುತ್ತಾರೆ. ತಮ್ಮವರ ಊರು ಯಾವುದೆಂದು, ಬೀದಿ ಯಾವುದೆಂದು ಅವರು ಚೆನ್ನಾಗಿ ಬಲ್ಲರು. ಅವರು ಜರ್ಮನಿಯ ಯೆಹೂದಿಗಳ ಮಕ್ಕಳು, ಮೊಮ್ಮಕ್ಕಳು. ಹಿಟ್ಲರನ ಸರ್ಕಾರವು 1933 ರಲ್ಲಿ ಯೆಹೂದಿ ಮೂಲದವರನ್ನು ಸರ್ಕಾರಿ ಕೆಲಸದಿಂದ ತೆಗೆಯುವ ಕಾನೂನನ್ನು ಮಾಡಿತು. 1935 ರಲ್ಲಿ ಅವರ ಪೌರತ್ವದ ಹಕ್ಕುಗಳನ್ನು ಕಿತ್ತುಕೊಂಡಿತು. ಒಬ್ಬನು ಯಾರೆಂಬುದನ್ನು ಅವನ ಅಜ್ಜ ಅಜ್ಜಿಯರನ್ನು ನೋಡಿ ನಿರ್ಧರಿಸುತ್ತಿದ್ದರು. ಅಜ್ಜ ಅಜ್ಜಿಯರನ್ನು ನೋಡುವುದೆಲ್ಲಿ? ಇದೇ ಚರ್ಚಿನ ಪುಸ್ತಕಗಳಲ್ಲಿ. ಲಕ್ಷಾಂತರ ಜನರು ತಮ್ಮ ಪೂರ್ವಜರ ದೀಕ್ಷಾಸ್ನಾನದ ಪ್ರಮಾಣಪತ್ರಕ್ಕಾಗಿ ಪಾದ್ರಿಗಳ ಬಾಗಿಲಲ್ಲಿ ನಿಂತರು. ಪೂರ್ವಜರ ಪಟ್ಟಿಯಿರುವ ಪುಟ್ಟ ಪುಸ್ತಕವನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದರು. ಪ್ರೀತಿಯಿಂದ ಬರೆದಿಟ್ಟ ಮಗುವಿನ ಹೆಸರು ಜನರನ್ನು ಬೇರ್ಪಡಿಸುವ ಜರಡಿಯಾಯಿತು. ಆ ಜರಡಿಯಿಂದ ಆರಂಭವಾದುದು ಐರೋಪ್ಯ ಯೆಹೂದಿಗಳಲ್ಲಿ 60 ಲಕ್ಷ ಜನರ ಕೊಲೆಯಲ್ಲಿ ಕೊನೆಗೊಂಡಿತು. ಜರ್ಮನಿಯ ಕೇಂದ್ರ ಪತ್ರಾಗಾರವು ಹಾಗೆ ಸತ್ತವರ ಹೆಸರುಗಳ ಒಂದು ಸ್ಮರಣಗ್ರಂಥವನ್ನು 1986 ರಲ್ಲಿ ಪ್ರಕಟಿಸಿತು. ಈಗ ಅದು ಕಂಪ್ಯೂಟರಿನಲ್ಲಿಯೂ ದೊರೆಯುತ್ತದೆ. ಅದನ್ನು ತೆರೆದುಕೊಡುವಾಗ ಉಪಾಧ್ಯಾಯಿನಿ ಹೆಚ್ಚು ಮಾತನಾಡುವುದಿಲ್ಲ. ಒಳ್ಳೆಯ ರಕ್ತ, ಶುದ್ಧ ವಂಶ ಎಂಬ ಮಾತುಗಳನ್ನು ಬಂದವರಲ್ಲಿ ಯಾರಾದರೂ ಆಡಿದರೆ ಅವರ ಮುಖ ಬಿಗಿಯಾಗುವುದು ಇದೇ ಕಾರಣದಿಂದ.

ಹೆಮ್ಮೆಯನ್ನು ಹೊತ್ತು ಬರುವವರಂತೂ ಕಡಮೆಯಿಲ್ಲ. ನೂರು ಮನೆಗಳಲ್ಲಿ ತೊಂಬತ್ತರ ಮೂಲಪುರುಷನು ಬೇಸಾಯಗಾರನೋ ನೇಕಾರನೋ ಆಗಿದ್ದಿರಲೇಬೇಕು. ಆದರೆ ಮನೆಯ ಮಾತಿನಲ್ಲಿ ಅವನು ಹೇಗೋ ಜಹಗೀರುದಾರನ ಕಿರಿಯ ಮಗನಾಗಿರುತ್ತಾನೆ. ಅಂಥ ಒಂದು ಕತೆಯನ್ನು ಹೊತ್ತು, ಐಯೊವ ರಾಜ್ಯದಿಂದ ಒಬ್ಬ ವೃದ್ಧ ರೈತರು ತಮ್ಮ ಮೊಮ್ಮಗನೊಡನೆ ಬಂದರು. ಅವರ ಮುತ್ತಜ್ಜನು ವುರ್ಟೆಂಬರ್ಗಿನ ಒಬ್ಬ ಶ್ರೀಮಂತನ ಮಗನಂತೆ. ದ್ವಂದ್ವಯುದ್ಧದಲ್ಲಿ ಎದುರಾಳಿಯನ್ನು ಗಾಯಗೊಳಿಸಿ ಅಮೆರಿಕಕ್ಕೆ ಓಡಿಬಂದನಂತೆ. ಮೊಮ್ಮಗ ಹದಿನಾಲ್ಕು ಹದಿನೈದರ ಹುಡುಗ. ಆ ಸೀಮೆಯ ಒಂದು ಕೋಟೆಯ ಚಿತ್ರವನ್ನು ಕಂಪ್ಯೂಟರಿನಿಂದ ಅಚ್ಚುಮಾಡಿಸಿ ತಂದಿದ್ದ. ಕೋಟೆ ತಮ್ಮವರದೇ ಎಂಬುದರಲ್ಲಿ ಅವನಿಗೆ ಸಂಶಯವಿರಲಿಲ್ಲ. ಅದನ್ನು ರುಜುವಾತುಪಡಿಸುವ ಕಾಗದವೊಂದು ಬೇಕಾಗಿತ್ತು, ಅಷ್ಟೆ.

ಉಪಾಧ್ಯಾಯಿನಿ ನಗಲಿಲ್ಲ. ಇಂಥ ಕತೆಗಳನ್ನು ಅವರು ಬೇಕಾದಷ್ಟು ಕೇಳಿದ್ದರು. "ಇರಬಹುದು, ನೋಡೋಣ" ಎಂದು ಎಂದಿನಂತೆ ಊರನ್ನು ಕೇಳಿದರು. ವೃದ್ಧರಿಗೆ ತಿಳಿಯದು. ಐಯೊವದಲ್ಲಿದ್ದ ಅವರ ಜರ್ಮನ್ ಚರ್ಚಿನ ಪುಸ್ತಕವನ್ನು ತೆಗೆಸಿದಾಗ ಮುತ್ತಜ್ಜನನ್ನು ಮಣ್ಣು ಮಾಡಿದ ದಿನದ ಬರಹ ಸಿಕ್ಕಿತು. ಅದರಲ್ಲಿ ಒಂದು ಊರಿನ ಹೆಸರೂ ಇತ್ತು. ಆದರೆ ಅಂಥ ಊರು ಮೇಯರ್ ಕೋಶದಲ್ಲಿ ಇಲ್ಲ. ಬೆಳಗ್ಗಿನ ಹೊತ್ತೆಲ್ಲ ಅದರಲ್ಲೇ ಕಳೆಯಿತು. ದಕ್ಷಿಣ ಜರ್ಮನಿಯ ಆಡುನುಡಿಯಲ್ಲಿ "ಪ" ಕಾರವೂ "ಬ" ಕಾರವೂ ಹೆಚ್ಚುಕಡಿಮೆ ಒಂದೇ ಆಗಿ ಕೇಳಿಸುತ್ತವೆ. ಉತ್ತರದಿಂದ ಬಂದ ಪಾದ್ರಿಯೊಬ್ಬನು ತನ್ನ ಕಿವಿಗೆ ಬಿದ್ದಂತೆ ಬರೆದಿದ್ದರೆ? ಮೊದಲ ಅಕ್ಷರವನ್ನು ಬದಲಿಸಿ ಹುಡುಕಿದಾಗ ಹಳ್ಳಿ ಸಿಕ್ಕಿತು. ಮಧ್ಯಾಹ್ನದ ಊಟವನ್ನು ಮರೆತು ಮೂವರೂ ಆ ಹಳ್ಳಿಯ ದೀಕ್ಷಾಸ್ನಾನದ ಪುಸ್ತಕವನ್ನು ತೆರೆದು ಕುಳಿತರು.

ಹೆಸರು ಸರಿಯಾಗಿತ್ತು. ಹುಟ್ಟಿದ ದಿನವೂ ಸರಿಯಾಗಿತ್ತು. ತಾಯಿ ಗಿರಣಿಯವನ ಮನೆಯ ಕೆಲಸದ ಹೆಣ್ಣು. ತಂದೆಯ ಹೆಸರನ್ನು ಬರೆಯಬೇಕಾದ ಜಾಗದಲ್ಲಿ ಒಂದು ಅಡ್ಡಗೆರೆ. ಮಗುವಿನ ಹೆಸರಿನ ಪಕ್ಕದಲ್ಲಿ, ವಿವಾಹವಿಲ್ಲದೆ ಹುಟ್ಟಿದುದು ಎಂಬ ಅರ್ಥದ ಒಂದು ಶಬ್ದ.

ಆ ಶಬ್ದವನ್ನು ಬಿಟ್ಟು ಓದುವುದು ಬಹಳ ಸುಲಭವಾಗಿತ್ತು. ವೃದ್ಧರಿಗೆ ಜರ್ಮನ್ ಬಾರದು. ಹುಡುಗನಿಗೆ ಆ ಲಿಪಿ ತಿಳಿಯದು. ಮೂರು ದಿನ ರಜೆ ಹಾಕಿ, ದೂರದಿಂದ ಬಂದವರು, ವಯಸ್ಸಾದ ಜೀವ, ಮೊಮ್ಮಗನೆದುರಿಗೆ ಕುಳಿತಿದ್ದಾರೆ. ಉಪಾಧ್ಯಾಯಿನಿ ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ ಪರದೆಯ ಮೇಲೆ ಆ ಶಬ್ದದ ಕೆಳಗೆ ಬೆರಳಿಟ್ಟು, ಅದನ್ನು ಇದ್ದಂತೆಯೇ ಓದಿದರು, ಅರ್ಥವನ್ನೂ ಹೇಳಿದರು.

ಹುಡುಗ ಕೋಟೆಯ ಚಿತ್ರವನ್ನು ಮಗುಚಿ ಇಟ್ಟ. ವೃದ್ಧರು ಮಾತಾಡಲಿಲ್ಲ.

ಆಗ ಉಪಾಧ್ಯಾಯಿನಿ, ಪಾಠ ಹೇಳುವ ಧಾಟಿಯಲ್ಲಲ್ಲ, ಸಾಮಾನ್ಯವಾದ ಸಂಗತಿಯೊಂದನ್ನು ತಿಳಿಸುವ ಧಾಟಿಯಲ್ಲಿ ಆ ಕಾಲದ ಕಾನೂನನ್ನು ವಿವರಿಸಿದರು. ವುರ್ಟೆಂಬರ್ಗಿನಲ್ಲಿ ಆ ದಿನಗಳಲ್ಲಿ ಬಡವರು ತಮಗೆ ತಾವೇ ಮದುವೆಯಾಗುವಂತಿರಲಿಲ್ಲ. ಸಂಸಾರವನ್ನು ಸಾಕುವ ಶಕ್ತಿ ತನಗಿದೆಯೆಂದು ತೋರಿಸಿ ಊರಿನ ಅಧಿಕಾರಿಗಳಿಂದ ಅಪ್ಪಣೆ ಪಡೆಯಬೇಕಾಗಿತ್ತು. 1833 ರಲ್ಲಿಯೂ 1852 ರಲ್ಲಿಯೂ ಈ ನಿಯಮಗಳನ್ನು ಇನ್ನಷ್ಟು ಬಿಗಿಗೊಳಿಸಿದರು. 1870 ರ ಸುಮಾರಿಗಷ್ಟೇ ಅವು ತೊಲಗಿದವು. ಭಿಕ್ಷುಕರ ಸಂಖ್ಯೆ ಹೆಚ್ಚಬಾರದೆಂಬುದು ಊರಿನ ಹಿರಿಯರ ಎಣಿಕೆ. ಫಲವೇನಾಯಿತೆಂದರೆ ಮದುವೆಗಳು ಕಡಮೆಯಾದವು, ಮಕ್ಕಳು ಕಡಮೆಯಾಗಲಿಲ್ಲ. ಪುಸ್ತಕದ ಅದೇ ಪುಟದಲ್ಲಿ ಆ ಶಬ್ದವು ಇನ್ನೆರಡು ಕಡೆ ಇರುವುದನ್ನು ಅವರು ತೋರಿಸಿದರು. ಅಪ್ಪಣೆ ಸಿಕ್ಕದವರಲ್ಲಿ ಅನೇಕರು ಹಡಗು ಹತ್ತಿದರು; ಕೆಲವು ಊರುಗಳವರು ಬಡವರಿಗೆ ಹಡಗಿನ ಖರ್ಚನ್ನು ತಾವೇ ಕೊಟ್ಟು ಸಾಗಹಾಕಿದುದೂ ಉಂಟು.

ವೃದ್ಧರು ಕೊನೆಗೆ ಬಾಯಿ ತೆರೆದು ಕೇಳಿದುದು ತಂದೆಯ ವಿಷಯವನ್ನಲ್ಲ. "ಆಮೇಲೆ ಆ ತಾಯಿ ಏನಾದಳು?" ಎಂದರು. ಎಂಬತ್ತು ವರ್ಷಗಳಲ್ಲಿ ಅವರ ಮನೆಯಲ್ಲಿ ಯಾರೂ ಆ ಪ್ರಶ್ನೆಯನ್ನು ಕೇಳಿರಲಿಲ್ಲ. ಕತೆಯಲ್ಲಿ ಶ್ರೀಮಂತನಾದ ತಂದೆಯಿದ್ದ, ಕೋಟೆಯಿತ್ತು, ಕತ್ತಿಯಿತ್ತು. ತಾಯಿ ಇರಲೇ ಇಲ್ಲ.

ವುರ್ಟೆಂಬರ್ಗಿನ ಚರ್ಚುಗಳಲ್ಲಿ ಒಂದು ಒಳ್ಳೆಯ ಪದ್ಧತಿಯಿತ್ತು. 1808 ರಿಂದ ಅಲ್ಲಿ ಒಂದೊಂದು ಕುಟುಂಬಕ್ಕೆ ಒಂದೊಂದು ಪುಟದಂತೆ ಕುಟುಂಬಗಳ ಪುಸ್ತಕವನ್ನು ಇಡುತ್ತಿದ್ದರು. ಅದರಲ್ಲಿ ಹುಡುಕಿದಾಗ ತಾಯಿಯ ಪುಟ ಸಿಕ್ಕಿತು. ಗಂಡನ ಜಾಗ ಖಾಲಿ. ಮೂವರು ಮಕ್ಕಳ ಹೆಸರುಗಳು. ಎರಡರ ಮುಂದೆ ಶಿಲುಬೆಯ ಗುರುತು. ಒಂದೇ ವಾರದೊಳಗೆ ಎರಡೂ ಎಳೆಯ ಮಕ್ಕಳು ತೀರಿಕೊಂಡಿದ್ದವು. ಮೂರನೆಯದು ಮುತ್ತಜ್ಜನದು. ಅದರ ಅಂಚಿನಲ್ಲಿ ಪಾದ್ರಿಯು ಸಣ್ಣ ಅಕ್ಷರಗಳಲ್ಲಿ "ಅಮೆರಿಕಕ್ಕೆ" ಎಂದು ಬರೆದು ಇಸವಿಯನ್ನು ಹಾಕಿದ್ದ. ತಾಯಿ ಸತ್ತುದು ಅದಾದ ಇಪ್ಪತ್ತೆರಡು ವರ್ಷಗಳ ಮೇಲೆ, ಅದೇ ಹಳ್ಳಿಯಲ್ಲಿ.

"ಇವನು ಅವಳಿಗೆ ಕಾಗದ ಬರೆಯುತ್ತಿದ್ದನೇ?" ಎಂದು ವೃದ್ಧರು ಕೇಳಿದರು.

"ಅದು ಈ ಪುಸ್ತಕದಲ್ಲಿ ಇಲ್ಲ" ಎಂದರು ಉಪಾಧ್ಯಾಯಿನಿ.

"ಬರೆದಿರಬಹುದು."

"ಬರೆದಿರಬಹುದು. ಇಲ್ಲಿ ಇಲ್ಲ."

ವೃದ್ಧರು ತಲೆದೂಗಿದರು. ಆಕೆಯ ಹೆಸರನ್ನು ಇನ್ನೊಮ್ಮೆ ಓದಬೇಕೆಂದು ಕೇಳಿಕೊಂಡರು. ಉಪಾಧ್ಯಾಯಿನಿ ಓದಿದರು. ಅವರು ಬಾಯೊಳಗೇ ಎರಡು ಮೂರು ಬಾರಿ ಹೇಳಿಕೊಂಡರು. ಆ ಶಬ್ದಗಳು ಅವರ ನಾಲಗೆಗೆ ಹೊಸವಾಗಿದ್ದವು. ಗ್ರಂಥಾಲಯವನ್ನು ಮುಚ್ಚುವ ಹೊತ್ತಾಗಿತ್ತು. ದೀಪಗಳನ್ನು ಒಂದೊಂದಾಗಿ ಆರಿಸುತ್ತಿದ್ದರು. ಹುಡುಗನು ಮಗುಚಿಟ್ಟಿದ್ದ ಹಾಳೆಯನ್ನೇ ಹತ್ತಿರಕ್ಕೆ ಎಳೆದುಕೊಂಡು, ಕೋಟೆಯ ಬೆನ್ನಿನ ಮೇಲೆ, ಪರದೆಯನ್ನು ನೋಡಿ ನೋಡಿ, ಆ ಹೆಸರನ್ನು ಅಕ್ಷರ ಅಕ್ಷರವಾಗಿ ಬರೆದುಕೊಳ್ಳತೊಡಗಿದ. ಉಪಾಧ್ಯಾಯಿನಿ ಭೂತಗನ್ನಡಿಯನ್ನು ಚೀಲಕ್ಕೆ ಹಾಕುತ್ತಿದ್ದವರು ಬಗ್ಗಿ ನೋಡಿ, ಕೊನೆಯ ಅಕ್ಷರ "ಎನ್" ಅಲ್ಲ, "ಇ" ಎಂದು ತಿದ್ದಿದರು.